ಗ್ರಾಸಿಯಾದ ಚೌಕದಲ್ಲಿ

ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಪರಿಚಯದವರ ಮನೆಯಲ್ಲಿ ಗಣಪತಿ ಹಬ್ಬದ ಊಟವಿತ್ತು. ಹಿತ್ತಿಲಲ್ಲಿ ಉದ್ದಕ್ಕೆ ಮೇಜು ಹಾಕಿದ್ದರು. ನಾನು ತಟ್ಟೆಗೆ ಕೋಸಂಬರಿ, ಚಿತ್ರಾನ್ನ, ಎರಡು ಕಡುಬು ಹಾಕಿಸಿಕೊಂಡು ಕೂರಲು ಜಾಗ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಂಡ್ಯ ಕಡೆಯ ಹೆಂಗಸೊಬ್ಬರು ನಗುತ್ತ ಬಂದು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಅವರನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಎರಡೋ ಮೂರೋ ಸಲ.

"ಇದು ನಿಮ್ಮ ಮಗಳೇ ಅಲ್ವಾ? ಹೋದ ತಿಂಗಳು ಬಾರ್ಸಿಲೋನಾಗೆ ಹೋಗಿದ್ವಿ. ವೈನ್ ಟೇಸ್ಟಿಂಗ್ ಅಂತ ಒಂದು ಅಂಗಡಿಗೆ ಹೋದ್ರೆ ಅಲ್ಲಿ ಇವಳೇ ನಿಂತಿದಾಳೆ! ಎಷ್ಟು ಚೆನ್ನಾಗಿ ಎಕ್ಸ್‌ಪ್ಲೇನ್ ಮಾಡಿದ್ಲು ಅಂತೀರಿ! ನಾನು ಕನ್ನಡದಲ್ಲಿ ಮಾತಾಡ್ಸಿದ ತಕ್ಷಣ ಗಾಬರಿ ಆಗ್ಬಿಟ್ಲು, ಪಾಪ."

ಫೋಟೋದಲ್ಲಿದ್ದವಳು ನನ್ನ ಮಗಳೇ. ಹಿಂದೆ ಮಾಡಿನ ತನಕ ಮರದ ಪೀಪಾಯಿಗಳು. ಮೈಮೇಲೆ ಕಪ್ಪು ಏಪ್ರನ್ನು. ಎರಡೂ ಕೈಯಲ್ಲಿ ಬಾಟಲಿ ಹಿಡಿದು ಯಾರದೋ ಗ್ಲಾಸಿಗೆ ಕೆಂಪು ವೈನು ಬಗ್ಗಿಸುತ್ತಿದ್ದಳು. ನನಗೆ ಹೇಳದೆ ಕೂದಲನ್ನು ಕುತ್ತಿಗೆಯ ತನಕ ಕತ್ತರಿಸಿಕೊಂಡಿದ್ದಳು. ನಗುತ್ತಿದ್ದಳು ಬೇರೆ.

"ಹೌದು, ನಮ್ಮವಳೇ," ಎಂದೆ. "ವೀಕೆಂಡಲ್ಲಿ ಸುಮ್ನೆ, ಹಾಬಿ ಅಂತ."

ಸುಳ್ಳು ಎಷ್ಟು ಬೇಗ ಬಾಯಿಗೆ ಬಂತೆಂದರೆ ಆಮೇಲೆ ನನಗೇ ಹೆದರಿಕೆಯಾಯಿತು. ಕಡುಬು ಮುಟ್ಟದೆ ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿ, ತಲೆನೋವೆಂದು ಹೇಳಿ, ಗಂಡನನ್ನು ಎಬ್ಬಿಸಿಕೊಂಡು ಹೊರಟುಬಿಟ್ಟೆ.

ನಮಗೆ ಗೊತ್ತಿದ್ದ ಸಂಗತಿಯೇ ಬೇರೆ. ಮಗಳು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಫೆಬ್ರವರಿಯಲ್ಲಿ, ಕಂಪನಿಯವರು ಒಂದು ವರ್ಷದ ಮಟ್ಟಿಗೆ ಬಾರ್ಸಿಲೋನಾ ಆಫೀಸಿಗೆ ಕಳಿಸುತ್ತಿದ್ದಾರೆ ಎಂದು ಹೇಳಿ ಹೋದಳು. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವಳ ಹಿಂದೆ ಯಾವಾಗಲೂ ಒಂದು ಬಿಳಿ ಗೋಡೆ. "ಆಫೀಸು ಹ್ಯಾಂಗದ?" ಎಂದರೆ "ಬಿಜಿ, ಅಮ್ಮ" ಎನ್ನುತ್ತಿದ್ದಳು. ಆ ಬಿಳಿ ಗೋಡೆಯನ್ನು ಏಳು ತಿಂಗಳು ನೋಡಿದ ನನಗೆ ಒಂದು ದಿನವೂ ಸಂಶಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕಾಲ್ ಬಂತು. "ನೀ ಎಲ್ಲಿ ಕೆಲಸ ಮಾಡ್ಲಿಕ್ಕತ್ತಿ?" ಎಂದು ಕೇಳಿದೆ.

"ಆ ಆಂಟಿ ಫೋಟೋ ತೋರಿಸಿದ್ರಾ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಆಮೇಲೆ, "ಐ ಕ್ವಿಟ್, ಅಮ್ಮ. ಫೆಬ್ರವರಿಯಲ್ಲೇ. ಕಂಪನಿ ಕಳಿಸಿಲ್ಲ, ನಾನೇ ಬಂದೆ. ವೈನ್ ಕಲೀಲಿಕ್ಕೆ ಬಂದೆ. ಇಲ್ಲಿ ಒಂದು ಸ್ಕೂಲ್ ಇದೆ."

ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಕಾಫಿ ಲೋಟ ಕೆಳಗಿಟ್ಟರು. ಅವರು ಹಾಸನದವರು, ದನಿ ಏರಿಸುವ ಜಾಯಮಾನದವರಲ್ಲ. "ಕಲಿಯೋದೇನೋ ಸರಿ ಮಗಳೇ, ಆದ್ರೆ ಹೇಳೋದಲ್ವಾ?" ಎಂದರು, ಅಷ್ಟೇ. ನಾನು ಫೋನು ಆರಿಸಿ, ಬಾಲ್ಕನಿಗೆ ಹೋಗಿ, ಮನೆಯ ಹಿಂದಿನ ಲಗೂನಿನ ನೀರನ್ನು ನೋಡುತ್ತ ನಿಂತೆ.

ಹೆಂಡ, ಸಾರಾಯಿ, ವೈನು ಎಲ್ಲ ನನಗೆ ಒಂದೇ. ಕ್ಯಾಲಿಫೋರ್ನಿಯಾಕ್ಕೆ ಬಂದು ಇಪ್ಪತ್ತೇಳು ವರ್ಷವಾಗಿತ್ತು. ವೈನಿಗೆ ಹೆಸರಾದ ನಾಪಾ ಕಣಿವೆಗೆ ಫಾಸ್ಟರ್ ಸಿಟಿಯ ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. ಊರಿಂದ ಬಂದ ನೆಂಟರೆಲ್ಲ ಅಲ್ಲಿಗೆ ಹೋಗಿ ಬಂದರು, ನಾನೊಬ್ಬಳೇ ಹೋಗಲಿಲ್ಲ. ಒಂದು ಸಲ ತಲೆನೋವು, ಇನ್ನೊಂದು ಸಲ ಆಫೀಸಿನ ಕೆಲಸ. ನಾನು ಔಷಧಿ ತಯಾರಿಸುವ ಕಂಪನಿಯೊಂದರಲ್ಲಿ ಪರೀಕ್ಷೆಯ ಕಾಗದಪತ್ರ ನೋಡುವವಳು, ನೆಪಕ್ಕೆ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಗಂಡ ಇದನ್ನು ನನ್ನ ತವರು ಧಾರವಾಡದ ಮಡಿ ಎಂದುಕೊಂಡಿದ್ದರು. ಹಾಗೆಂದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೆ.

ನಿಜವೆಂದರೆ, ನನ್ನ ಅಣ್ಣ ಕುಡಿದು ಸತ್ತಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅವ್ವ ಯಾರ ಮುಂದೂ ಆ ಮಾತು ಆಡಕೂಡದು ಎಂದಿದ್ದಳು. ಮದುವೆಯಾದ ಮೇಲೆ ಗಂಡನಿಗೆ, ಆಮೇಲೆ ಮಗಳಿಗೆ, ಕಾಮಾಲೆಯಿಂದ ಹೋದ ಎಂದೇ ಹೇಳಿದೆ. ಹೇಳಿ ಹೇಳಿ ಅದೇ ನಿಜವೆಂಬಂತಾಗಿತ್ತು.

"ಕರ್ಕೊಂಡು ಬರ್ತೀನಿ," ಎಂದೆ ಗಂಡನಿಗೆ.

"ಕರ್ಕೊಂಡು ಬರೋಕೆ ಅವಳೇನು ಸ್ಕೂಲ್ ಮಗೂನಾ? ಇಪ್ಪತ್ತಾರು ವರ್ಷ. ಹೋಗು, ನೋಡ್ಕೊಂಡು ಬಾ."

ಅವರಿಗೆ ರಜೆ ಸಿಗಲಿಲ್ಲ. ನಾನು ಒಂದು ವಾರ ರಜೆ ಹಾಕಿ ಒಬ್ಬಳೇ ವಿಮಾನ ಹತ್ತಿದೆ. ಸೂಟ್‌ಕೇಸಿನಲ್ಲಿ ನನ್ನದು ನಾಲ್ಕು ಜೊತೆ ಬಟ್ಟೆ ಮಾತ್ರ. ಉಳಿದ ಜಾಗವನ್ನು ಅವಳ ಸಾಮಾನು ತುಂಬಿಕೊಂಡು ಬರಲು ಖಾಲಿ ಬಿಟ್ಟಿದ್ದೆ.

ವಿಮಾನ ನಿಲ್ದಾಣದಲ್ಲಿ ಅವಳು ಓಡಿಬಂದು ತಬ್ಬಿಕೊಂಡಾಗ ನಾನು ನೋಡಿದ್ದು ಅವಳ ಕೈಗಳನ್ನು. ಬೆರಳ ಸಂದಿಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು, ಉಗುರಿನ ಸುತ್ತ ಕಪ್ಪು ಗೆರೆ.

"ಕೈಗೆ ಏನಾಗೇದ?"

"ದ್ರಾಕ್ಷಿ ಅಮ್ಮ, ನಮ್ಮ ಅಂಗಡಿಯವರ ತೋಟದಲ್ಲಿ ಕೊಯ್ಲು ನಡೀತಿದೆ. ಎಷ್ಟು ತೊಳೆದ್ರೂ ಹೋಗಲ್ಲ."

ಇನ್ನೊಂದು ಆಶ್ಚರ್ಯವೆಂದರೆ ಅವಳು ಕನ್ನಡದಲ್ಲಿ ಮಾತಾಡುತ್ತಿದ್ದಳು. ಹತ್ತು ವರ್ಷದವಳಿದ್ದಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ. ಕೇಳಿದ್ದಕ್ಕೆ, "ಇಲ್ಲಿ ಮೆಟ್ರೋದಲ್ಲಿ ಎಲ್ಲರಿಗೂ ಇಂಗ್ಲಿಷ್ ಅರ್ಥ ಆಗುತ್ತೆ. ನಿನ್ ಹತ್ರ ಬೈಸ್ಕೊಳೋದು ಯಾರಿಗೂ ಗೊತ್ತಾಗ್ಬಾರ್ದಲ್ಲ," ಎಂದಳು.

ಅವಳ ಮನೆ ಗ್ರಾಸಿಯಾ ಎಂಬ ಬಡಾವಣೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ಹಿಂದೆ ಅದು ಬೇರೆಯೇ ಊರಾಗಿತ್ತಂತೆ, ನಗರ ಬೆಳೆದು ಅದನ್ನು ಒಳಗೆ ಹಾಕಿಕೊಂಡಿತಂತೆ. ಬೀದಿಗಳು ಎಷ್ಟು ಕಿರಿದೆಂದರೆ ಈ ಬಾಲ್ಕನಿಯ ಒಣಹಾಕಿದ ಬಟ್ಟೆಯ ನೀರು ಆ ಬದಿಯವರ ಹೂಕುಂಡಕ್ಕೆ ಬೀಳುವಂತಿತ್ತು. ನಾಲ್ಕು ಹೆಜ್ಜೆಗೊಂದು ಚೌಕ, ಚೌಕದ ತುಂಬ ಮೇಜು ಕುರ್ಚಿ, ಅವುಗಳ ನಡುವೆಯೇ ಮಕ್ಕಳ ಚೆಂಡಾಟ. ನಾವಿರುವ ಕಡೆ ಎದುರುಮನೆಯವರ ಮುಖ ನೋಡಿ ತಿಂಗಳಾಗಿರುತ್ತದೆ. ಇಲ್ಲಿ ರೊಟ್ಟಿ ಅಂಗಡಿಯವಳು, ಚಪ್ಪಲಿ ಹೊಲಿಯುವವನು, ನಾಯಿ ಹಿಡಿದ ಮುದುಕ, ಎಲ್ಲರೂ ನನ್ನ ಮಗಳನ್ನು ಹೆಸರು ಹಿಡಿದು ಕೂಗುತ್ತಿದ್ದರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಜೊತೆ ಹೊರಗೆ ಬಂದವಳು ಚೌಕದ ಅಂಚಿನಲ್ಲಿ ನಿಂತುಬಿಟ್ಟೆ. ನನ್ನ ವಯಸ್ಸಿನ ನಾಲ್ವರು ಹೆಂಗಸರು ತರಕಾರಿ ಚೀಲಗಳನ್ನು ಕಾಲಬುಡದಲ್ಲಿಟ್ಟು, ಕೆಂಪಗಿನ ಪಾನೀಯದ ಗ್ಲಾಸು ಹಿಡಿದು ಹರಟೆ ಹೊಡೆಯುತ್ತಿದ್ದರು. ಮೇಜಿನ ಮೇಲೆ ಆಲಿವ್ ಕಾಯಿಯ ಬಟ್ಟಲು. ಅವರಲ್ಲಿ ಒಬ್ಬಳ ತೊಡೆಯ ಮೇಲೆ ಮೊಮ್ಮಗು.

"ಅದೇನು ಶರಬತ್ತೇನ?"

"ವೆರ್ಮುತ್. ವೈನಿಗೆ ಬೇರು, ಮಸಾಲೆ ಎಲ್ಲಾ ಹಾಕಿ ಮಾಡ್ತಾರೆ. ಊಟಕ್ಕೆ ಮುಂಚೆ ಕುಡೀತಾರೆ."

"ಹಗಲ ಹೊತ್ತಿನಾಗ? ಕೂಸಿನ ಮುಂದ?"

ನಾನು ಆ ಹೆಂಗಸರನ್ನೇ ನೋಡುತ್ತ ನಿಂತೆ. ಅವರಲ್ಲಿ ಯಾರಾದರೂ ತೊದಲುತ್ತಾರೆ, ಗ್ಲಾಸು ಒಡೆಯುತ್ತಾರೆ, ಎದ್ದು ನಿಂತರೆ ಜೋಲಿ ಹೊಡೆಯುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಹಾಗೆ ಆಗಲಿ ಎಂದೇ ಕಾದೆ. ಅರ್ಧ ಗಂಟೆಯ ಮೇಲೆ ಅವರು ಎದ್ದು, ಕೆನ್ನೆಗೆ ಕೆನ್ನೆ ತಾಗಿಸಿ, ತಮ್ಮ ತಮ್ಮ ಚೀಲ ಎತ್ತಿಕೊಂಡು ಅಡುಗೆ ಮಾಡಲು ಮನೆಗೆ ಹೋದರು.

ಮಗಳು ಕೆಲಸ ಮಾಡುತ್ತಿದ್ದ ಅಂಗಡಿ ಅದೇ ಚೌಕದಲ್ಲಿತ್ತು. ಇಂಥ ವೈನಿನಂಗಡಿಗೆ ಅಲ್ಲಿ ಬೊದೆಗಾ ಎನ್ನುತ್ತಾರೆ. ಒಳಗೆ ತಂಪು, ಹಳೆಯ ಮರದ ವಾಸನೆ. ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳು. ಜನ ಮನೆಯಿಂದ ಖಾಲಿ ಬಾಟಲಿ ತಂದು, ನಮ್ಮೂರಲ್ಲಿ ಗಾಣದ ಎಣ್ಣೆ ಹಾಕಿಸಿಕೊಳ್ಳುವಂತೆ, ನಲ್ಲಿ ತಿರುಗಿಸಿ ವೈನು ತುಂಬಿಸಿಕೊಂಡು ಹೋಗುತ್ತಿದ್ದರು. ಒಡತಿ ಎಪ್ಪತ್ತು ದಾಟಿದ ಹೆಂಗಸು, ಗಿಡ್ಡ ಆಳು, ಗಟ್ಟಿ ದನಿ. ಅವಳಿಗೆ ಆ ಸೀಮೆಯ ಕತಲಾನ್ ಮತ್ತು ಸ್ಪ್ಯಾನಿಷ್ ಭಾಷೆ ಬಿಟ್ಟು ಹೆಚ್ಚೇನೂ ಬಾರದು. ನನ್ನ ಎರಡೂ ಕೈ ಹಿಡಿದುಕೊಂಡು, ಒಂದು ಪೀಪಾಯಿಯ ಹತ್ತಿರ ಎಳೆದುಕೊಂಡು ಹೋಗಿ, ಅದರ ಹೊಟ್ಟೆ ತಟ್ಟುತ್ತ, "ವೊಗರು! ವೊಗರು!" ಎಂದಳು.

ಕಿವಿ ತಪ್ಪಿ ಕೇಳಿತೇನೋ ಎಂದುಕೊಂಡೆ.

ಮಗಳು ನಗುತ್ತ ವಿವರಿಸಿದಳು. ವೈನು ಕಲಿಯುವವರು ಪ್ರತಿಯೊಂದರ ರುಚಿಯನ್ನೂ ಮಾತಿನಲ್ಲಿ ಹೇಳಬೇಕು. ನಾಲಿಗೆ ಹಿಡಿದಂತಾಗುವ ಆ ರುಚಿಗೆ ಕ್ಲಾಸಿನವರೆಲ್ಲ ಮೂರು ಮೂರು ಪದ ಜೋಡಿಸಿ ಒದ್ದಾಡುತ್ತಿದ್ದಾಗ ಇವಳ ಬಾಯಿಗೆ ಬಂದದ್ದು ಒಗರು. "ಅಜ್ಜಿ ನೆಲ್ಲಿಕಾಯಿ ಕೊಟ್ಟು ಹೇಳಿಕೊಟ್ಟಿದ್ಲಲ್ಲ, ಅದು. ಈಗ ಇವ್ರೂ ಅದನ್ನೇ ಹೇಳ್ತಾರೆ."

ಅಜ್ಜಿ ಎಂದರೆ ನನ್ನ ಅವ್ವ. ಮಗಳು ಚಿಕ್ಕವಳಿದ್ದಾಗ ವರ್ಷಕ್ಕೆ ಆರು ತಿಂಗಳು ಧಾರವಾಡದಿಂದ ಬಂದು ನಮ್ಮ ಜೊತೆ ಇರುತ್ತಿದ್ದಳು. ಅವಳು ತೀರಿಕೊಂಡು ಐದು ವರ್ಷವಾಗಿತ್ತು. ಅವ್ವನ ಬಾಯಿಯ ಮಾತು ಹೆಂಡದ ಅಂಗಡಿಯಲ್ಲಿ ಕೇಳಿದ್ದು ನನಗೆ ಸಂತೋಷ ಕೊಡಲಿಲ್ಲ. ಯಾರೋ ದೇವರಮನೆಯ ಸಾಮಾನು ತಂದು ಬೀದಿಯಲ್ಲಿಟ್ಟಂತೆ ಅನ್ನಿಸಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಅಭ್ಯಾಸ ನೋಡಿದೆ. ಏಳೆಂಟು ಮಂದಿ ಮೇಜಿನ ಸುತ್ತ ಕುಳಿತು ಗ್ಲಾಸು ತಿರುಗಿಸಿ, ಮೂಸಿ, ಬಾಯಿಗೆ ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಕೊನೆಗೆ ಎಲ್ಲರೂ ಒಂದೇ ಬಕೀಟಿಗೆ ಉಗುಳುತ್ತಿದ್ದರು. ನನ್ನ ಮಗಳು ಎಲ್ಲರಿಗಿಂತ ದೂರದಿಂದ, ಗುರಿ ತಪ್ಪದೆ ಉಗುಳಿದಳು. ಚಿಕ್ಕಂದಿನಲ್ಲಿ ಊಟದ ತಟ್ಟೆಯಲ್ಲಿ ಬೀಜ ಉಗುಳಿದರೂ ಅವ್ವ ಬೈಯುತ್ತಿದ್ದ ಹುಡುಗಿ. "ಕುಡಿಯೋದೇ ಇಲ್ಲೇನು?" ಎಂದೆ. "ಕೆಲಸದ ದಿನ ಒಂದು ಗುಟುಕೂ ಇಲ್ಲ ಅಮ್ಮ. ಕುಡಿದ್ರೆ ನಾಲಿಗೆ ಸತ್ತೋಗುತ್ತೆ." ಅವಳು ಹೇಳಿದ್ದು ನಿಜವೆಂದು ಕಣ್ಣಿಗೆ ಕಾಣುತ್ತಿತ್ತು. ಆದರೂ ನನಗೆ ನಂಬಿಕೆ ಬರಲಿಲ್ಲ. ನಮ್ಮ ಅಣ್ಣನೂ ಮೊದಲಲ್ಲಿ ಬರೀ ಹಬ್ಬಕ್ಕೆ, ಬರೀ ಗೆಳೆಯರ ಸಲುವಾಗಿ ಎನ್ನುತ್ತಿದ್ದ.

ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯ ಹೊರಗಿನ ಮೇಜಿನಲ್ಲಿ ನಾನು ಕುಳಿತಿದ್ದೆ. ಮಗಳು ಏಪ್ರನ್ನು ಬಿಚ್ಚಿ ಬಂದು ಎದುರಿಗೆ ಕುಳಿತಳು. ನಾನು ಬಂದಾಗಿನಿಂದ ಕಾಯ್ದುಕೊಂಡಿದ್ದ ಮಾತನ್ನು ತೆಗೆದೆ.

"ಬುಧವಾರ ನನ್ನ ವಿಮಾನ ಅದ. ನೀನೂ ಬಾ. ಏನೂ ಕೇಳಂಗಿಲ್ಲ, ಬೈಯಂಗಿಲ್ಲ."

ಅವಳು ಒಳಗೆ ಹೋಗಿ, ಪುಟ್ಟ ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ಬಿಳಿ ವೈನು ತಂದು ನನ್ನ ಮುಂದಿಟ್ಟಳು. "ಇದು ನಾನು ಕೊಯ್ದ ದ್ರಾಕ್ಷಿ. ಹೋದ ವಾರದ ರಸ, ಇನ್ನೂ ಪೂರ್ತಿ ವೈನೂ ಆಗಿಲ್ಲ. ಕುಡೀಬೇಡ. ವಾಸನೆ ಮಾತ್ರ ನೋಡು, ಅಮ್ಮ. ಪ್ಲೀಸ್. ನಾನು ಏನು ಮಾಡ್ತೀನಿ ಅಂತ ಒಂದ್ಸಲ ನೋಡು."

"ತೆಗಿ ಅದನ್ನ."

"ಒಂದ್ಸಲ."

"ತೆಗಿ ಅಂದೆ."

ಆಗ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಮಾಮಾ ಕುಡಿದು ಸತ್ತ ಅಂತ ನಾನೂ ಹಂಗೇ ಸಾಯ್ತೀನಾ?"

ನನ್ನ ಕೈ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಸದ್ದು ಕೇಳಿದ ಮೇಲೆ ಗೊತ್ತಾಯಿತು. ಅವಳ ಮುಖ ಪಕ್ಕಕ್ಕೆ ತಿರುಗಿತ್ತು. ಗ್ಲಾಸು ಕೆಳಗೆ ಬಿದ್ದು ಚೂರಾಗಿತ್ತು. ಅವಳು ಹುಟ್ಟಿದಾಗಿನಿಂದ ನಾನು ಅವಳ ಮೇಲೆ ಕೈಯೆತ್ತಿದವಳಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಪರದೇಶದ ಬೀದಿಯಲ್ಲಿ, ಅಷ್ಟು ಜನರೆದುರು ಹೊಡೆದೆ.

ಪಕ್ಕದ ಮೇಜಿನವನು ಎದ್ದು ನಿಂತ. ಒಳಗಿಂದ ಒಡತಿ ಬಂದು, ಮಗಳ ಹೆಗಲ ಮೇಲೆ ಕೈಯಿಟ್ಟು, ನನ್ನನ್ನು ನೋಡುತ್ತಲೇ ಅವಳಿಗೆ ಏನೋ ಹೇಳಿದಳು. ಮಗಳು ತಲೆ ಎತ್ತಲಿಲ್ಲ, ಅದನ್ನು ನನಗೆ ತಿಳಿಸಲೂ ಇಲ್ಲ. ನಾನು ಚೀಲ ತೆಗೆದುಕೊಂಡು ಎದ್ದು ನಡೆದೆ.

ಇಳಿಜಾರು ಎಲ್ಲಿಗೆ ಕರೆದುಕೊಂಡು ಹೋಯಿತೋ ಅಲ್ಲಿಗೆ ಹೋದೆ. ದೊಡ್ಡ ಮರಗಳ ಅಗಲವಾದ ಬೀದಿ, ಆಮೇಲೆ ಪ್ರವಾಸಿಗಳ ನೂಕುನುಗ್ಗಲು, ಅಲ್ಲಿಂದ ಬಲಕ್ಕೆ ತಿರುಗಿದರೆ ರಾವಾಲ್ ಎಂಬ ಹಳೆಯ ಕೇರಿ. ಇಕ್ಕಟ್ಟಾದ ಓಣಿಗಳಲ್ಲಿ ಕ್ಷೌರದಂಗಡಿ, ಮಾಂಸದಂಗಡಿ, ಬಳೆಗಳ ಸರ, ಬಿರಿಯಾನಿಯ ವಾಸನೆ, ಮೇಲಿನ ಕಿಟಕಿಯಿಂದ ಪಂಜಾಬಿ ಹಾಡು. ಕಿರಾಣಿ ಅಂಗಡಿಯ ಮುಂದೆ ಕಾಲು ಸೋತು ನಿಂತಾಗ ಅದರೊಳಗಿನ ಲಾಹೋರಿನ ಗಡ್ಡದ ಮುದುಕ ನನ್ನ ಮುಖ ನೋಡಿ ಸ್ಟೂಲು ಹೊರಗಿಟ್ಟು, "ಬೈಠಿಯೇ, ಬೆಹೆನ್‌ಜೀ," ಎಂದು ನೀರು ಕೊಟ್ಟ. ಯಾಕೆ, ಏನು ಎಂದು ಕೇಳಲಿಲ್ಲ. ಅವನ ಹಿಂದಿನ ಕಪಾಟಿನಲ್ಲಿ ಬೇಳೆಯ ಚೀಲಗಳ ಪಕ್ಕ ವೈನಿನ ಬಾಟಲಿಗಳು ಸಾಲಾಗಿ ನಿಂತಿದ್ದವು.

ಕೊನೆಗೆ ಬಾರ್ಸಿಲೊನೆಟಾ ಎಂಬ ಮೀನುಗಾರರ ಬಡಾವಣೆ ದಾಟಿ ಸಮುದ್ರಕ್ಕೆ ಬಂದೆ. ಓಣಿಗಳಲ್ಲಿ ಹೆಂಗಸರು ಬಾಗಿಲ ಹೊರಗೆ ಕುರ್ಚಿ ಹಾಕಿ ಕುಳಿತಿದ್ದರು. ನಾನು ಮರಳಿನ ಮೇಲೆ ಕುಳಿತು ಬಲಗೈ ನೋಡಿಕೊಂಡೆ. ಬೆರಳು ಇನ್ನೂ ನಡುಗುತ್ತಿತ್ತು. ಹೊಡೆದ ನಾಚಿಕೆ ಒಂದು ಕಡೆ. ಅವಳಿಗೆ ಗೊತ್ತಿದೆಯಲ್ಲ ಎಂಬ ಆಘಾತ ಅದಕ್ಕಿಂತ ದೊಡ್ಡದು. ಯಾರು ಹೇಳಿದರು? ಎಷ್ಟು ಹೇಳಿದರು?

ಯಾಕೆಂದರೆ ನಾನು ಯಾರಿಗೂ ಹೇಳದ ಸಂಗತಿ ಇನ್ನೊಂದಿತ್ತು.

ಅಣ್ಣ ಕುಡಿದು ಎಲ್ಲೋ ಕುಳಿತನೆಂದರೆ ಅವನನ್ನು ಕರೆತರಲು ಅವ್ವ ನನ್ನನ್ನು ಕಳಿಸುತ್ತಿದ್ದಳು. ಅಪ್ಪ ಇರಲಿಲ್ಲ. ಬೇರೆ ಯಾರು ಹೋದರೂ ಅವನು ಜಗಳಕ್ಕೆ ನಿಲ್ಲುತ್ತಿದ್ದ, ನಾನು ಹೋದರೆ ಸುಮ್ಮನೆ ಎದ್ದು ಬರುತ್ತಿದ್ದ. ಆಗ ನನಗೆ ಹದಿನೇಳು ವರ್ಷ, ಪಿಯುಸಿ. ಒಂದು ಮಧ್ಯಾಹ್ನ ಅವ್ವ ಹೋಗೆಂದಳು. ಮರುದಿನ ನನಗೆ ಪರೀಕ್ಷೆ. ಆ ಸಾರಾಯಿ ಅಂಗಡಿಯ ಮುಂದೆ ನಿಂತು, ಗಂಡಸರ ನಡುವೆ ಅಣ್ಣನನ್ನು ಕೂಗಿ ಕೂಗಿ ನನಗೆ ಸಾಕಾಗಿತ್ತು. ನಾನು ಹೋಗಲಿಲ್ಲ. ಗೆಳತಿಯ ಮನೆಯಲ್ಲಿ ಒಂದು ತಾಸು ಓದಿಕೊಂಡು ವಾಪಸು ಬಂದು, "ಅಂವ ಬರಂಗಿಲ್ಲ ಅಂದ" ಎಂದು ಸುಳ್ಳು ಹೇಳಿದೆ. ಸಂಜೆಗೆ ಅಣ್ಣ ಅಲ್ಲೇ ರಕ್ತ ಕಾರಿ ಬಿದ್ದ. ಎರಡು ದಿನ ಆಸ್ಪತ್ರೆಯಲ್ಲಿದ್ದು ಹೋದ. ನಾನು ಹೋಗಿ ಕರೆದಿದ್ದರೆ ಮನೆಗೆ ಬರುತ್ತಿದ್ದ, ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತು ಎಂಬ ಲೆಕ್ಕ ಮೂವತ್ತೈದು ವರ್ಷ ನನ್ನೊಳಗೇ ನಡೆದಿತ್ತು.

ಫೋನಿನ ಬ್ಯಾಟರಿ ಮುಗಿದಿತ್ತು. ಬಂದ ದಾರಿಯನ್ನೇ ಕೇಳಿ ಕೇಳಿ ಹತ್ತಿಕೊಂಡು ಗ್ರಾಸಿಯಾ ಮುಟ್ಟಿದಾಗ ಐದೂವರೆ, ಬಿಸಿಲು ಇನ್ನೂ ಇತ್ತು. ಮಗಳು ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದಳು. ಅತ್ತು ಮುಖ ಊದಿಕೊಂಡಿತ್ತು.

"ಎಲ್ಲಿಗೆ ಹೋಗಿದ್ದೆ ಅಮ್ಮ? ನಾನು, ಅಂಗಡಿಯವ್ರು, ಎಲ್ಲಾ ಹುಡುಕಿದ್ವಿ."

ನಾನು ಪಕ್ಕದಲ್ಲಿ ಕುಳಿತೆ. ಕ್ಷಮಿಸು ಎಂದು ಹೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ. "ಯಾರು ಹೇಳಿದ್ರು ನಿನಗ?"

"ಅಜ್ಜಿ."

ಅವಳಿಗೆ ಹದಿನಾರಾಗಿದ್ದಾಗ ಗೆಳತಿಯ ಮನೆಯ ಪಾರ್ಟಿಯಿಂದ ಬಿಯರು ಕುಡಿದು ಬಂದಿದ್ದಳಂತೆ. ನಾವಿಬ್ಬರೂ ಆಫೀಸಿನಲ್ಲಿದ್ದೆವು. ಬಾಗಿಲು ತೆಗೆದ ಅಜ್ಜಿಗೆ ವಾಸನೆ ಬಡಿಯಿತು. ಬೈಯಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ, ಬಿಸಿನೀರು ಹಾಕಿ ತಲೆ ಉಜ್ಜಿ, ಬಟ್ಟೆ ಒಗೆದು, ಆಮೇಲೆ ಎದುರಿಗೆ ಕೂರಿಸಿಕೊಂಡು ತನ್ನ ಮಗನ ಕತೆಯನ್ನು ಮೊದಲಿಂದ ಹೇಳಿದಳಂತೆ.

"ಎಲ್ಲಾ ಹೇಳಿದ್ಲು?"

"ನೀನು ಅವತ್ತು ಹೋಗಲಿಲ್ಲ ಅನ್ನೋದನ್ನೂ."

ಗೋಡೆ ಹಿಡಿದುಕೊಂಡೆ.

"ಅಜ್ಜಿಗೆ ಗೊತ್ತಿತ್ತು ಅಮ್ಮ. ಮಾಮಾನ ಚಪ್ಪಲಿ ವಾಪಸ್ ಕೊಡ್ಲಿಕ್ಕೆ ಬಂದಾಗ ಆ ಅಂಗಡಿಯವನೇ ಹೇಳಿದ್ನಂತೆ, ಅವತ್ತು ತಂಗಿ ಬರಲೇ ಇಲ್ಲ ಅಂತ." ಆಮೇಲೆ ಅವಳು ಅಜ್ಜಿಯ ಮಾತನ್ನು ಅಜ್ಜಿಯ ದನಿಯಲ್ಲೇ ಹೇಳಿದಳು, ಹತ್ತು ವರ್ಷದಿಂದ ಕಾದಿಟ್ಟುಕೊಂಡಂತೆ: "'ಅಕಿ ಹೋಗಲಿಲ್ಲ, ಅದು ಅಕಿ ತಪ್ಪಲ್ಲ. ಅಷ್ಟು ಸಣ್ಣ ಹುಡುಗೀನ ಅಂಥಾ ಜಾಗಕ್ಕ ಕಳಸ್ತಿದ್ನಲ್ಲ, ಅದು ನನ್ನ ತಪ್ಪು. ಹೇಳಿದ್ರ ಅಕಿ ಇನ್ನೂ ಒಡದು ಹೋಗ್ತಾಳ. ನೀ ಹೇಳಬ್ಯಾಡ.'"

ಅವ್ವನಿಗೆ ಗೊತ್ತಿತ್ತು. ನನ್ನ ಮದುವೆ ಮಾಡಿದಾಗ, ಬಾಣಂತನ ಮಾಡಿದಾಗ, ಫಾಸ್ಟರ್ ಸಿಟಿಯ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ರೊಟ್ಟಿ ಬಡಿದಾಗ, ಪ್ರತಿದಿನವೂ ಗೊತ್ತಿತ್ತು. ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಬ್ಬರಿಗೊಬ್ಬರು ನೋವಾಗಬಾರದೆಂದು ಇಬ್ಬರೂ ಬಾಯಿ ಕಟ್ಟಿಕೊಂಡೇ ಬದುಕಿದೆವು, ಅವಳು ಹಾಗೆಯೇ ಹೋದಳು.

ನಾನು ಅತ್ತೆ. ಮೆಟ್ಟಿಲು ಹತ್ತುವವರು ಪಕ್ಕದಿಂದ ದಾಟಿಕೊಂಡು ಹೋದರು. ಮಗಳು ತನ್ನ ನೇರಳೆ ಕೈಯಿಂದ ನನ್ನ ಬೆನ್ನು ಸವರುತ್ತಿದ್ದಳು. ನಾನು ಹೊಡೆದ ಕೆನ್ನೆ ಇನ್ನೂ ಸ್ವಲ್ಪ ಕೆಂಪಗಿತ್ತು.

"ಆ ಅಂಗಡಿ ಮುದುಕಿ ಆಗ ನನಗ ಬೈದ್ಲೇನು?" ಎಂದು ಎಷ್ಟೋ ಹೊತ್ತಿನ ಮೇಲೆ ಕೇಳಿದೆ.

"ಇಲ್ಲ. 'ನಿಮ್ಮಮ್ಮನ ಕೈ ನಡುಗ್ತಿದೆ, ಹೋಗಿ ಹಿಡ್ಕೋ' ಅಂದ್ರು. ನಾನು ಹಿಡ್ಕೊಳ್ಳಲಿಲ್ಲ. ಸಿಟ್ಟು ಬಂದಿತ್ತು."

ಮರುದಿನ ಒಡತಿಯ ತಮ್ಮನ ದ್ರಾಕ್ಷಿ ತೋಟಕ್ಕೆ ಹೋದೆವು. ರೈಲಿನಲ್ಲಿ ಒಂದು ಗಂಟೆಯ ದಾರಿ, ಪೆನೆದೆಸ್ ಎಂಬ ಸೀಮೆ. ಬರುತ್ತೇವೆಂದು ಮೊದಲೇ ಮಾತು ಕೊಟ್ಟಾಗಿತ್ತು. ಒಡತಿ ನನ್ನನ್ನು ನೋಡಿ ನಿನ್ನೆಯ ಸುದ್ದಿ ಎತ್ತದೆ, ತಲೆಗೊಂದು ಹುಲ್ಲಿನ ಟೋಪಿ ಹಾಕಿ, ಕೈಗೆ ಕತ್ತರಿ ಕೊಟ್ಟಳು. ಬಳ್ಳಿಗಳು ನನ್ನ ಸೊಂಟದೆತ್ತರಕ್ಕೆ ಇದ್ದವು. ಬಗ್ಗಿ, ಎಲೆ ಸರಿಸಿ, ಗೊಂಚಲನ್ನು ಅಂಗೈಯಲ್ಲಿ ಹಿಡಿದು ತೊಟ್ಟು ಕತ್ತರಿಸಬೇಕು. ಒಂದು ಸಾಲು ಮುಗಿಯುವಷ್ಟರಲ್ಲಿ ಸೊಂಟ ಮುರಿದಂತಾಯಿತು. ಮಗಳು ಪಕ್ಕದ ಸಾಲಿನಲ್ಲಿ ನನಗಿಂತ ಮೂರುಪಟ್ಟು ವೇಗವಾಗಿ ಹೋಗುತ್ತಿದ್ದಳು. ನಡುವೆ ನಿಂತು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಅಗಿದು, ತೋಟದವನಿಗೆ ಏನೋ ಹೇಳಿದಳು. ನರೆಗೂದಲಿನ ಆ ಗಂಡಸು ತಾನೂ ಒಂದು ಹಣ್ಣು ತಿಂದು ನೋಡಿ, ತಲೆಯಾಡಿಸಿ, ಆ ಸಾಲನ್ನು ಕೊಯ್ಯುವುದು ಬೇಡ, ಎರಡು ದಿನ ಬಿಡಿ ಎಂದು ಆಳುಗಳಿಗೆ ಕೂಗಿದ. ನಾನು ಕತ್ತರಿ ಹಿಡಿದು ನೋಡುತ್ತಲೇ ನಿಂತೆ. ಅಷ್ಟು ದೊಡ್ಡ ತೋಟದ ಯಜಮಾನ ನನ್ನ ಮಗಳ ನಾಲಿಗೆಯ ಮಾತು ಕೇಳಿ ಕೊಯ್ಲು ನಿಲ್ಲಿಸಿದ್ದ.

ಮಧ್ಯಾಹ್ನ ಮರದ ಕೆಳಗೆ ಎಲ್ಲರೂ ಕುಳಿತು ಊಟ. ರೊಟ್ಟಿಗೆ ಟೊಮೆಟೊ ಉಜ್ಜಿ ಎಣ್ಣೆ ಬಿಟ್ಟದ್ದು, ಬೇಯಿಸಿದ ಕಡಲೆ, ಬದನೆಕಾಯಿ ಸುಟ್ಟದ್ದು. ಎಲ್ಲರ ಮುಂದೂ ವೈನು. ನನ್ನ ಗ್ಲಾಸಿಗೆ ಮಗಳು ನೀರು ಹಾಕಿದಳು. ನಾನೇ ಕೈ ಚಾಚಿ ಅವಳ ಮುಂದಿನ ಗ್ಲಾಸು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಅಣ್ಣನ ಅಂಗಿಯ ವಾಸನೆ ಬರುತ್ತದೆಂದುಕೊಂಡಿದ್ದೆ. ಅದು ಬರಲಿಲ್ಲ. ಎಳೆ ಮಾವಿನಕಾಯಿ ಹೆಚ್ಚಿದಾಗಿನ ವಾಸನೆ, ಅದರ ಹಿಂದೆ ತೊಯ್ದ ಕಲ್ಲಿನದು. ಹಾಗೆಂದು ಹೇಳಿದೆ. ಮಗಳು ನನ್ನನ್ನೇ ನೋಡಿದಳು, ಆಮೇಲೆ ಅದನ್ನು ಎಲ್ಲರಿಗೂ ಅವರ ಭಾಷೆಯಲ್ಲಿ ಹೇಳಿದಳು. ತೋಟದವನು ಮೇಜು ಗುದ್ದಿ "ಸಿ! ಸಿ!" ಎಂದ, ಹೌದು ಹೌದೆಂದು.

ನಾನು ಕುಡಿಯಲಿಲ್ಲ. ಆಗಲೂ ಇಲ್ಲ, ಇವತ್ತಿನ ತನಕವೂ ಇಲ್ಲ. ಮಗಳು ಮತ್ತೆ ಕೇಳಲೂ ಇಲ್ಲ.

ಬುಧವಾರ ಒಬ್ಬಳೇ ಹಿಂತಿರುಗಿದೆ. ಮನೆಗೆ ಬಂದ ದಿನವೇ ಗಂಡನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಹೊಡೆದದ್ದು, ಅಣ್ಣ ಕುಡಿದು ಸತ್ತದ್ದು, ನಾನು ಹೋಗದೆ ಇದ್ದದ್ದು, ಅವ್ವನಿಗೆ ಗೊತ್ತಿದ್ದದ್ದು. "ಇಪ್ಪತ್ತೇಳು ವರ್ಷ," ಎಂದರು ಕೊನೆಗೆ. "ಇಷ್ಟು ವರ್ಷ ಒಬ್ಳೇ ಇಟ್ಕೊಂಡಿದ್ಯಾ?" ಅವರಿಗೆ ಬೇಸರವಾಗಿತ್ತು, ನನ್ನ ಮೇಲೆ ಸಿಟ್ಟೂ ಬಂದಿತ್ತು. ಎರಡು ದಿನ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಮಾಡಿಕೊಂಡು ಬಂದು, "ಅವರದೊಂದು ಫೋಟೋನಾದ್ರೂ ಇದ್ಯಾ?" ಎಂದು ಕೇಳಿದರು.

ಇತ್ತು. ಸೀರೆಗಳ ಅಡಿಯಲ್ಲಿ, ಅವ್ವನ ಹಳೆಯ ಪಾಸ್‌ಬುಕ್ಕಿನೊಳಗೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಯಾರೋ ಪಕ್ಕದಿಂದ ಕರೆದಂತೆ ತಿರುಗಿ ನಗುತ್ತಿರುವ ಅಣ್ಣ. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿಟ್ಟೆವು.

ಡಿಸೆಂಬರಿನಲ್ಲಿ ಮಗಳು ಎರಡು ವಾರ ಬಂದಳು. ಕೋರ್ಸು ಮುಗಿದಿತ್ತು, ಅದೇ ತೋಟದವರು ಅವಳನ್ನು ಕೆಲಸಕ್ಕಿಟ್ಟುಕೊಂಡಿದ್ದರು. ಬಂದವಳು ಬೂಟು ಬಿಚ್ಚದೆ ಆ ಫೋಟೋದ ಮುಂದೆ ನಿಂತಳು.

"ಇವರೇ ಮಾಮಾನಾ? ಆಗ ಎಷ್ಟು ವಯಸ್ಸು?"

"ಇಪ್ಪತ್ತೆಂಟು. ಅದೇ ವರ್ಷ ಹೋದ."

ಅವಳು ತಿರುಗಿ ನನ್ನನ್ನು ನೋಡಿದಳು. "ಅಮ್ಮ, ಎಷ್ಟು ಚಿಕ್ಕವರು! ನನಗಿಂತ ಎರಡೇ ವರ್ಷ ದೊಡ್ಡವರು."

ನಾನು ಹತ್ತಿರ ಹೋಗಿ ನೋಡಿದೆ. ನನ್ನ ನೆನಪಿನಲ್ಲಿ ಅಣ್ಣ ಯಾವಾಗಲೂ ನನಗಿಂತ ಎತ್ತರ, ನನಗಿಂತ ದೊಡ್ಡವನು, ಎಲ್ಲ ಗೊತ್ತಿದ್ದೂ ಹಾಳಾದವನು. ಗಾಜಿನ ಹಿಂದೆ ಇದ್ದದ್ದು ಮುಖದ ಎಳೆತನ ಇನ್ನೂ ಹೋಗದ ಒಬ್ಬ ಹುಡುಗ.